ಚಂದ್ರಿಗೆ ಬಂದ ಬಾಳೆಹಣ್ಣು

ಬೆಟಗೇರಿಯ ನೇಕಾರ ಓಣಿಯಲ್ಲಿ ಯಮನವ್ವನ ಅಂಗಳಕ್ಕೆ ಜನ ಬರುತ್ತಿದ್ದುದು ಅಮಾವಾಸ್ಯೆಗೊಮ್ಮೆ ಮಾತ್ರ. ಅದೂ ಅವಳಿಗಾಗಿ ಅಲ್ಲ, ಅವಳ ಮುದಿ ಆಕಳು ಚಂದ್ರಿಗಾಗಿ. ಓಣಿಗೆಲ್ಲ ಇದ್ದದ್ದು ಅದೊಂದೇ ಆಕಳು. ಎಡೆ ತಿನ್ನಿಸಿ, ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡು, "ಆರಾಮ ಅದಿಯೇನವಾ ಯಮನವ್ವ?" ಎಂದು ಕೇಳಿ ಹೋಗುತ್ತಿದ್ದರು. ಗಂಡ ತೀರಿ, ಮನೆಯ ಮಗ್ಗ ನಿಂತ ಮೇಲೆ ಅವಳಿಗೆ ಆ ಒಂದು ಮಾತೇ ಹಬ್ಬ. ಉಳಿದ ದಿನ ಮಾತೆಲ್ಲ ಚಂದ್ರಿಯ ಜೊತೆಗೇ.

ಮಣ್ಣೆತ್ತಿನ ಅಮಾವಾಸ್ಯೆಗೆ ಹೋಳಿಗೆ, ಅನ್ನ, ಬುಟ್ಟಿಗಟ್ಟಲೆ ಅರೆಗಾಯಿ ಬಾಳೆಹಣ್ಣು ಬಂದವು. ಕೊಡುವವರಿಗೆ ಪುಣ್ಯ ಬೇಕು, ಚಂದ್ರಿಗೆ ರುಚಿ ಬೇಕು. ಹೊಟ್ಟೆಯನ್ನು ಕೇಳುವವರು ಯಾರು? ಯಮನವ್ವನಿಗೆ 'ಸಾಕು' ಎನ್ನಲು ಬಾಯಿ ಬರಲಿಲ್ಲ. ಬೇಡವೆಂದರೆ ಜನ ಬರುವುದನ್ನೇ ಬಿಟ್ಟಾರು ಎಂಬ ಹೆದರಿಕೆ.

ಮೂರನೆಯ ದಿನ ಚಂದ್ರಿ ಗೋಡೆಗೆ ಹಣೆ ಒತ್ತಿ ನಿಂತಿತು. ಕರೆದರೆ ಕಿವಿ ಅಲ್ಲಾಡಿಸಲಿಲ್ಲ. ಕಣ್ಣು ತೆರೆದಿದ್ದರೂ ಕಾಣದಂತೆ ಯಮನವ್ವನ ಮೇಲೆ ಎಡವಿ ಬಂತು. ಅವಳನ್ನು ಗುರುತಿಸುತ್ತಿದ್ದ ಒಂದು ಜೀವವೂ ಈಗ ಅವಳನ್ನು ಮರೆತಿತ್ತು.

"ದೃಷ್ಟಿ ಆಗೇತಿ ಯಮನಕ್ಕ. ಮೆಣಸಿನಕಾಯಿ ಇಳಿಸಿ ಒಗಿ," ಎಂದ ಪಕ್ಕದ ಮನೆಯ ಬಾಬಣ್ಣ.

ಅವಳು ಸೆರಗು ಬಿಗಿದು ದನದ ದವಾಖಾನೆಗೆ ಓಡಿದಳು. ಡಾಕ್ಟರ್ ಕಲ್ಪನಾ ಬಂದು ಹೊಟ್ಟೆ ಒತ್ತಿ ನೋಡಿ ಸೂಜಿ ಮಾಡಿದರು.

"ಏನ್ ತಿನ್ನಿಸಿದ್ರಿ?"

"ದೇವರ ಎಡಿರಿ. ಓಣಿ ಮಂದಿ ಎಲ್ಲಾರದೂ."

ಬಾಬಣ್ಣ ನಕ್ಕ. "ಹೊಟ್ಟಿಗೆ ತಿಂದ್ರ ತಲಿ ಯಾಕ ಕೆಡತೈತ್ರಿ ಮೇಡಂ?"

"ದನದ ಹೊಟ್ಟಿ ಇರೋದು ಹುಲ್ಲಿಗಂತ್ರಿ ಕಾಕಾ. ಅರಗಾಯಿ ಬಾಳಿಹಣ್ಣು, ಅನ್ನ, ಹೋಳಗಿ ಅಂದ್ರ ಬರೇ ಪಿಷ್ಟ, ಸಕ್ರಿ. ಒಮ್ಮೆಲೆ ರಾಶಿ ಬಿದ್ರ ಹೊಟ್ಟಿ ಹುಳಿ ಆಗತೈತಿ, ಒಳಗಿನ ಸಣ್ಣ ಜೀವಿಗಳು ಕೆಡತಾವು. ಮಿದುಳಿಗೆ ಬೇಕಾದ ಬಿ-ಒನ್ ಜೀವಸತ್ವ ಮಾಡಿ ಕೊಡೋವು ಅವ. ಅದು ಸಿಗಲಿಲ್ಲಂದ್ರ ಮಿದುಳು ಉಪಾಸ ಬೀಳತೈತಿ. ಆವಾಗ ಕಣ್ಣು ಕಾಣಂಗಿಲ್ಲ, ಗ್ವಾಡಿಗೆ ತಲಿ ಒತ್ತತಾವು. ಮೆಣಸಿನಕಾಯಿ ಇಳಿಸ್ಕೋತ ಕುಂತಿದ್ರ ಚಂದ್ರಿ ಉಳೀತಿರಲಿಲ್ಲ."

ಬಾಬಣ್ಣ ತಲೆ ತಗ್ಗಿಸಿದ. ಸೂಜಿಯ ಮೇಲೆ ಸೂಜಿ ಆಯಿತು. ಐದನೆಯ ದಿನ ಚಂದ್ರಿ ಯಮನವ್ವನ ಕೈ ನೆಕ್ಕಿತು. ಅವಳು ಅದರ ಕೊರಳು ತಬ್ಬಿಕೊಂಡು ಅತ್ತುಬಿಟ್ಟಳು.

ಮುಂದಿನ ಅಮಾವಾಸ್ಯೆಗೆ ಮತ್ತೆ ಬುಟ್ಟಿಗಳು ಬಂದವು. ಯಮನವ್ವ ಅಡ್ಡ ನಿಂತಳು. "ಹಣ್ಣು ಬ್ಯಾಡ್ರವ್ವಾ. ತಿನ್ನಿಸೋದಿದ್ರ ಒಂದ್ ಹಿಡಿ ಮೇವು ತರ್ರಿ."

ಕೆಲವರು ಮುಖ ಗಂಟಿಕ್ಕಿ ಹೋದರು. ಮಧ್ಯಾಹ್ನಕ್ಕೆ ಅಂಗಳ ಬರಿದಾಯಿತು. ಅವಳು ಹೆದರಿದ್ದೇ ಆಯಿತು. ಆದರೂ ಜಾಗ ಬಿಟ್ಟು ಸರಿಯಲಿಲ್ಲ.

ಸಂಜೆ ಬಾಬಣ್ಣ ಜೋಳದ ಕಣಿಕೆಯ ಸಿವುಡು ಹೊತ್ತು ಬಂದ. ಚಂದ್ರಿಯ ಮುಂದೆ ಹಾಕಿ, ಕಟ್ಟೆಯ ಮೇಲೆ ಕುಳಿತು ಕೇಳಿದ: "ನಿಂದು ಊಟ ಆತೇನು ಯಮನಕ್ಕ?"

ಅಕ್ಕ-ಅಣ್ಣಂದಿರೇ, ಎಡೆಯೆಂದು ಒಂದು ತುತ್ತು ಸಾಕು. ಆಕಳ ಊಟ ಮೇವು. ದನ ಗೋಡೆಗೆ ತಲೆ ಒತ್ತಿದರೆ, ಕುರುಡಾದಂತೆ ನಡೆದರೆ, ಆಗಲೇ ದನದ ಡಾಕ್ಟರರನ್ನು ಕರೆಯಿರಿ. ಆಕಳನ್ನು ಸಾಕಿದವಳನ್ನೂ ಮಾತಾಡಿಸಿ. ಅದಕ್ಕೆ ಅಮಾವಾಸ್ಯೆ ಬರಬೇಕೆಂದಿಲ್ಲ.