ನೂರು ಕಾಯಿ ಸುಲಿದ ಅಳಿಯ

ನನ್ನ ಅಕ್ಕನ ಮಗ ರಾಮಣ್ಣ ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತ. ಐವತ್ತೊಂಬತ್ತನೇ ಇಸವಿಯಲ್ಲಿ ಅವನಿಗೆ ಇಪ್ಪತ್ತಾರು ವರ್ಷ. ಅಲ್ಲಿಯವರೆಗೆ ಅವನು ಎತ್ತಿದ್ದ ಭಾರವೆಂದರೆ ಫೈಲಿನ ಕಟ್ಟು, ಅದೂ ಜವಾನ ರಜೆ ಹಾಕಿದ ದಿನ. ಅಂಥವನಿಗೆ ಹಿರೀಸಾವೆ ಕಡೆ ತೆಂಗಿನ ತೋಟವಿದ್ದ ಚನ್ನಪ್ಪನ ಮಗಳು ನಂಜಮ್ಮನೇ ಬೇಕು. ಬೇರೆ ಹೆಣ್ಣಿನ ಮಾತೆತ್ತಿದರೆ ಊಟ ಬಿಡುತ್ತಿದ್ದ.

ಚನ್ನಪ್ಪನ ಮನೆಯಲ್ಲೊಂದು ಪದ್ಧತಿ. ಅಳಿಯನಾಗುವವನು ಅಂಗಳದಲ್ಲಿ ನೆಟ್ಟ ಹಾರೆಯ ಮೊನೆಗೆ ತೆಂಗಿನಕಾಯಿ ಚುಚ್ಚಿ, ತಿರುಚಿ, ಸಿಪ್ಪೆ ಸುಲಿದು ತೋರಿಸಬೇಕು. ಶಾಸ್ತ್ರಕ್ಕೆ ಐದು ಕಾಯಿ ಸಾಕು. ಹಿಂದಿನ ಅಳಿಯಂದಿರು ಐದು ಸುಲಿದು, ಕೈ ತೊಳೆದು, ಒಬ್ಬಟ್ಟು ತಿಂದು ಹೋಗಿದ್ದರು. ನಮ್ಮವನಿಗೆ ಬಾಗಿಲ ಸಂದಿಯಲ್ಲಿ ನಂಜಮ್ಮನ ಸೀರೆಯ ಅಂಚು ಕಂಡಿತು. ಮುಗೀತು. ನೂರಕ್ಕೆ ಹೊರಟ.

"ಸಾಕು ಬಿಡ್ಲಾ, ಆಳಿನ ಕೆಲ್ಸ ಕಿತ್ಕಳಾಕೆ ಬಂದಿದ್ದೀಯಾ?" ಅಂದೆ.

"ಸುಮ್ಕಿರು ಮಾವ, ಇನ್ನೂ ಇಪ್ಪತ್ತವೆ."

ಅವತ್ತು ಭಾನುವಾರ. ಚನ್ನರಾಯಪಟ್ಟಣದ ನಮ್ಮ ಮನೆಗೆ ಮೀಸೆ ತಿರುವಿಕೊಂಡೇ ಬಂದ. ಸೋಮವಾರ ಮೀಸೆಗೆ ಕೈ ಎಟುಕಲಿಲ್ಲ. ಮಂಗಳವಾರ ವೀಳ್ಯಶಾಸ್ತ್ರ. ತೋಳೆರಡೂ ಸೋರೆಕಾಯಿಯಂತೆ ಊದಿ, ಮೈ ಬಿಸಿಯೇರಿತ್ತು. ಅಂಗಿಯನ್ನು ನಾನೇ ತೊಡಿಸಿ ಕರೆದುಕೊಂಡು ಹೋದೆ. ಚನ್ನಪ್ಪ ಎಲೆ ಅಡಿಕೆಯ ತಟ್ಟೆ ನೀಡಿದ. ಇವನ ಕೈ ಅರ್ಧಕ್ಕೇ ನಿಂತಿತು. ತಟ್ಟೆ ನೆಲಕ್ಕೆ ಬಿತ್ತು.

"ಗಂಡಿಗೆ ಲಕ್ವ ಬಡಿದದೆ," ಅಂದ ಚನ್ನಪ್ಪ. "ಕಾಯ್ಲೆ ಮುಚ್ಚಿಕ್ಕಂಡು ಎಣ್ಣು ಕೇಳಾಕೆ ಬಂದವ್ರೆ. ಈ ಸಂಬಂಧ ಬ್ಯಾಡ, ಓಗಿ."

ರಾಮಣ್ಣನಿಗೆ ಕಣ್ಣೀರು ಬಂತು. ಅದನ್ನು ಒರೆಸುವುದಕ್ಕೂ ನನ್ನ ಕೈಯೇ ಬೇಕಾಯಿತು.

ಅವತ್ತು ಅದೇ ಊರಿಗೆ ಬಂದಿದ್ದ ಡಾಕ್ಟರ್ ಈಶ್ವರಯ್ಯನವರನ್ನು ಎಳೆದುಕೊಂಡು ಬಂದೆ. ಅವರು ತೋಳು ಒತ್ತಿ ನೋಡಿ ನಕ್ಕರು.

"ಲಕ್ವಾನೂ ಇಲ್ಲ, ಏನೂ ಇಲ್ಲ ಚನ್ನಪ್ಪ. ಅಭ್ಯಾಸ ಇಲ್ದೋನು ಇಷ್ಟು ದುಡಿದ್ರೆ ಮಾಂಸದ ಎಳೆಗಳು ಅಲ್ಲಲ್ಲಿ ಹರೀತವೆ. ರಕ್ತದಲ್ಲಿ ಬಿಳಿ ಕಣ ಅಂತ ಅವೆ, ಮೈ ಕಾಯೋವು. ಅವು ಓಡ್ಬಂದು ಹರಿದಿದ್ದನ್ನ ತಿಂದು ಗುಡಿಸ್ತವೆ. ಆ ಗಲಾಟೆಗೇ ಊತ, ನೋವು, ಬಿಸಿ. ಎರಡನೇ ದಿನ, ಮೂರನೇ ದಿನ ಜಾಸ್ತಿ. ವಾರದೊಳಗೆ ಸರಿಹೋಗ್ತದೆ."

"ನಂಗೇ ಕಥೆ ಏಳ್ತೀರಾ ಸಾ? ನಲವತ್ತು ವರ್ಸದಿಂದ ಈ ಅಂಗಳದಾಗೆ ಲಕ್ಸಗಟ್ಲೆ ಕಾಯಿ ಸುಲ್ಸಿವ್ನಿ. ಒಂದಿನ ನನ್ ಮೈ ಬಿಸಿ ಆಗಿಲ್ಲ."

ಬಾಗಿಲ ಹಿಂದಿನಿಂದ ನಂಜಮ್ಮ ಅಂದಳು: "ನೀನು ಜಗುಲಿ ಮ್ಯಾಲೆ ಕುಂತಿದ್ದೆ ಕಣಪ್ಪಯ್ಯ, ಬಿಸಿ ಎಲ್ಲಿಂದ ಬಂದಾತು? ನೀನೂ ನೂರು ಸುಲಿ. ನಾಡಿದ್ದು ನೋಡಣ."

ಅಷ್ಟು ಜನರ ಮುಂದೆ ಹಿಂದೆಗೆಯುವಂತಿರಲಿಲ್ಲ. ಚನ್ನಪ್ಪ ಪಂಚೆ ಎತ್ತಿಕಟ್ಟಿ ಹಾರೆಯ ಮುಂದೆ ನಿಂತ. ಆಳುಗಳು ಕೈಕಟ್ಟಿ ನೋಡಿದರು. ಆ ಮನೆಯಲ್ಲಿ ಅವರಿಗೆ ಅಂಥ ಬಿಡುವು ಎಂದೂ ಸಿಕ್ಕಿರಲಿಲ್ಲ. ಸಂಜೆಯೊಳಗೆ ನೂರೂ ಮುಗಿಸಿ, "ಇದೇನು ಮಹಾ ವಿದ್ಯೆನಾ?" ಎಂದು ಒಳಗೆ ಹೋದ.

ಗುರುವಾರ ಹೋದೆ. ಯಜಮಾನ ಕಂಬಳಿ ಹೊದ್ದು ಕೂತಿದ್ದ. ಹೆಂಡತಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು.

"ಎಂಗದೆ ಲಕ್ವ?" ಅಂದೆ.

ಅವನು ನಿಧಾನವಾಗಿ ತುತ್ತು ನುಂಗಿದ.

"ಮುಂದಿನ ಗುರುವಾರ ಶಾಸ್ತ್ರ ಮಡಿಕ್ಕಳಣ. ಅಷ್ಟೊತ್ಗೆ ಇಬ್ರ ಕೈಯೂ ಸರಿಯಾಯ್ತದಂತೆ. ಡಾಕ್ಟ್ರು ತಿಳಿದೋರು ಕಣಯ್ಯ."