ಮುಂದಿನ ಬೆಂಚಿನ ಸುಮಿತ್ರಾಬಾಯಿ

ಕಲ್ಲಿನ ಲಾರಿಯಿಂದ ಇಳಿದ ಶಿಲ್ಪಾರಾಣಿ ಸೆರಗಿನ ಧೂಳು ಕೊಡವುತ್ತಲೇ ಓಡಿದಳು. ಪ್ರತ್ಯೇಕ ತೆಲಂಗಾಣದ ಹೋರಾಟಕ್ಕೆ ಬಸ್ಸುಗಳು ನಿಂತು, ಶಾಲೆಗಳು ಮುಚ್ಚಿ ಮೂರು ವಾರವಾಗಿತ್ತು. ತಾಂಡೂರಿನಿಂದ ಬೆಳಕು ಹರಿಯುವ ಮೊದಲೇ ಹೊರಟವಳು ಮೊಗುಡಂಪಲ್ಲಿ ಸಮೀಪದ ಈ ಹಳ್ಳಿ ಮುಟ್ಟುವಷ್ಟರಲ್ಲಿ ಒಂದೂಕಾಲು.

ಪಡಸಾಲೆಯಲ್ಲಿ ಸುಮಿತ್ರಾಬಾಯಿ ಟೀಚರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಎದ್ದಿರಲಿಲ್ಲ. ಅವರ ಗಂಡ ಬಂಡೆಪ್ಪ ಭಜನೆಯ ನಡುವೆಯೇ ಎದ್ದು ಬಂದರು.

“ಬಂದ್ರೇನ್ರಿ ಮೇಡಂ? ಮಣ್ಣಿಗಿ ಒಯ್ಯೂದರಾಗ ಅಕಿದೊಂದು ಫೋಟೊ ಇಡಬೇಕ್ರಿ. ಮನ್ಯಾಗ ಲಗ್ನದ್ದು ಒಂದೇ ಅದ. ಅದ್ರಾಗ ತಲಿ ಬಗ್ಗಿಸ್ಯಾಳ, ಮಾರಿನೇ ಕಾಣಂಗಿಲ್ಲ.”

“ಸಾಲ್ಯಾಗಿನ ಕಂಪ್ಯೂಟರಿನಾಗ ಅದರಿ. ನಾನೇ ಹಾಕೀನಿ,” ಎಂದಳು ಎಂಟನೆಯ ತರಗತಿಯ ಮೋನಮ್ಮ.

ಎಲ್ಲರೂ ಹೆಡ್‌ಮಾಸ್ತರ ಕಾಶಿರಾಮರ ಕಡೆ ನೋಡಿದರು. ಅವರು ಶಿಕ್ಷಕರ ಮುಷ್ಕರದ ಟೆಂಟಿನಿಂದ ನೇರವಾಗಿ ಬಂದಿದ್ದರು.

“ಹರತಾಳದಾಗ ನಾನೇ ಸಾಲಿ ಬೀಗ ತೆಗದ್ರ ಮಂದಿ ಏನಂದಾರು?”

“ಕರೆಂಟ್ ಎರಡಕ್ಕ ಹೋಗ್ತದ ಸರ್,” ಎಂದಳು ಮೋನಮ್ಮ.

*

ಎರಡು ವರ್ಷದ ಹಿಂದೆ ಶಿಲ್ಪಾರಾಣಿ ಕಂಪ್ಯೂಟರ್ ಕಲಿಸಲೆಂದು ಆ ಶಾಲೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಐದು ಕಂಪ್ಯೂಟರು ಬಟ್ಟೆ ಹೊದ್ದು ಬೀಗದ ಹಿಂದೆ ಕೂತಿದ್ದವು. “ಕೆಟ್ಟರ ಜವಾಬ್ದಾರಿ ಯಾರದು?” ಎಂದು ಕೇಳಿಯೇ ಕಾಶಿರಾಮರು ಕೀಲಿ ಕೊಟ್ಟಿದ್ದರು. ಮೊದಲು ಶಿಕ್ಷಕರು ಕಲಿಯಬೇಕೆಂದು ಆದೇಶವಿತ್ತು. ಅವರೋ ಹಿಂದಿನ ಸಾಲಿನಲ್ಲಿ ಕೂತು, “ಈ ಹುಡುಗಿ ನಮಗ ಕಲಿಸ್ತಾಳಂತ,” ಎಂದು ನಕ್ಕರು. ಆ ಸಂಜೆ ಅವಳು ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡಳು.

ಮರುದಿನ ಆರನೆಯ ತರಗತಿಯ ಪಾಠಕ್ಕೆ ಸುಮಿತ್ರಾಬಾಯಿ ಬಂದರು. ನಿವೃತ್ತಿಗೆ ಮೂರೇ ವರ್ಷ. ಸೀದಾ ಮುಂದಿನ ಬೆಂಚಿಗೆ ಹೋಗಿ ಮಕ್ಕಳ ನಡುವೆ ಜಾಗ ಮಾಡಿಸಿಕೊಂಡು ಕೂತರು. ಮೌಸನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ಮಕ್ಕಳು ನಕ್ಕರು, ಅವರು ಇನ್ನೂ ಜೋರಾಗಿ ನಕ್ಕರು.

“ಶಿಲ್ಪಾ ಮೇಡಂ, ನಂಗ ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ.”

ಆ ‘ಮೇಡಂ’ ಕಾರಿಡಾರಿಗೂ ಕೇಳಿಸಿತು. ಮುಂದಿನ ವಾರ ಮೂವರು ಶಿಕ್ಷಕರು ಬಂದರು. ಕರೆಂಟು ಹೋದರೆ ಸುಮಿತ್ರಾಬಾಯಿ ವರಾಂಡದ ತಾಂಡೂರು ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಕೀಬೋರ್ಡ್ ಬರೆದು, ಮಕ್ಕಳನ್ನೂ ಮಾಸ್ತರರನ್ನೂ ಒಟ್ಟಿಗೆ ಕೂರಿಸಿ ಬೆರಳು ಓಡಿಸಲು ಹಚ್ಚುತ್ತಿದ್ದರು. ಮೂರು ತಿಂಗಳಲ್ಲಿ ಪರದೆಯ ಮೇಲೆ ಜೋಳದ ರೊಟ್ಟಿ ಬಿಡಿಸಿ, ಅದನ್ನು ಕತ್ತರಿಸಿ ಭಿನ್ನರಾಶಿ ಕಲಿಸಿದರು. ಶಿಲ್ಪಾರಾಣಿ ಚೀಲದ ಕಾಗದ ಹರಿದು ಹಾಕಿದಳು.

ಕಾಶಿರಾಮರೊಬ್ಬರು ಮಾತ್ರ ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದರು.

*

ಪಡಸಾಲೆಯಲ್ಲಿ ಕಾಶಿರಾಮರು ಜೇಬಿನಿಂದ ಕೀಲಿ ತೆಗೆದು, “ನಡೀರಿ,” ಎಂದರು.

ಅವರೇ ಶಾಲೆಯ ಬೀಗ ತೆಗೆದರು. ಒಂದೂಮುಕ್ಕಾಲು. ಮೋನಮ್ಮ ಫೋಟೊ ಹುಡುಕಿ ತೆರೆದಳು. ಶಿಲ್ಪಾರಾಣಿ ತನ್ನ ಫೋನಿನಲ್ಲಿ ತೆಗೆದದ್ದು ಅದು: ಮುಂದಿನ ಬೆಂಚು, ಮೂಗಿನ ತುದಿಗೆ ಜಾರಿದ ಕನ್ನಡಕ, ಹಲ್ಲಿನ ನಡುವೆ ನಾಲಗೆಯ ತುದಿ, ಅಕ್ಷರ ಹುಡುಕುತ್ತಿರುವ ಬೆರಳು, ಎರಡೂ ಕಡೆ ಒತ್ತಿ ಕೂತ ಮಕ್ಕಳು.

“ಇದನ್ನ ಕಾಗದದ ಮ್ಯಾಲ ಹ್ಯಾಂಗ ತೆಗೀತಾರ?” ಕಾಶಿರಾಮರು ತಗ್ಗಿದ ದನಿಯಲ್ಲಿ ಕೇಳಿದರು. “ನಂಗ ಬರಂಗಿಲ್ಲವ್ವ.”

ಮೋನಮ್ಮ ಸರಿದು ಬೆಂಚಿನಲ್ಲಿ ಜಾಗ ಬಿಟ್ಟಳು. ಅವರು ಕೂತರು. ಮೌಸ್ ಸರಿಸಿದರೆ ಪರದೆಯ ಬಾಣ ಮೂಲೆಗೆ ಓಡಿತು. ಶಿಲ್ಪಾರಾಣಿಗೆ ಕೈ ಚಾಚಬೇಕೆನ್ನಿಸಿತು; ಚಾಚಲಿಲ್ಲ.

“ಇಲ್ಲಿ ಒತ್ರಿ ಸರ್.”

ಒತ್ತಿದರು. ಪ್ರಿಂಟರಿನಿಂದ ಹಾಳೆ ಪೂರ್ತಿ ಹೊರಬಂದ ಮೇಲೆ ಕರೆಂಟು ಹೋಯಿತು.

ಮನೆಯಲ್ಲಿ ಬಂಡೆಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಮೂವತ್ತೈದು ವರ್ಷ ಸಂಸಾರ ಮಾಡೀನ್ರಿ. ನಾಲಗಿ ಹಿಂಗ ಕಚ್ಚತಾಳಂತ ಗೊತ್ತೇ ಇರಲಿಲ್ಲ,” ಎಂದು ಅಳುತ್ತಲೇ ನಕ್ಕರು.

ಹಾಳೆಯನ್ನು ರಟ್ಟಿಗೆ ಅಂಟಿಸಿ ನಿಲ್ಲಿಸಿದರು. ಯಾರೋ ಚೆಂಡುಹೂವಿನ ಹಾರ ಹಾಕಿದರು. ಅಕ್ಕಪಕ್ಕದ ಮಕ್ಕಳ ಮುಖಗಳು ಮುಚ್ಚಿಹೋದವು. ಬಂಡೆಪ್ಪ ಹಾರ ತೆಗೆದು ಫೋಟೊದ ಕೆಳಗೆ ಇಟ್ಟರು. ಇನ್ನೊಬ್ಬರು ಬಂದು ಮತ್ತೊಂದು ಹಾಕಿದರು. ಬಂಡೆಪ್ಪ ಅದನ್ನೂ ಮೆಲ್ಲಗೆ ತೆಗೆದು, ಒಂದೊಂದೇ ಮುಖ ಕಾಣುವ ಹಾಗೆ, ಕೆಳಗಿಟ್ಟರು.