ಮೇಕೆ ನಡೆದ ದಾರಿ

"ಭುಜ ಕೊಡ್ರೋ, ಬರೀ ಬಾಯಿ ಕೊಡ್ಬೇಡಿ!" ಎಂದು ಗದರುತ್ತ ದಪ್ಪ ಡ್ರೈವರ್ ಶವಪೆಟ್ಟಿಗೆಯ ಮುಂದಿನ ಮೂಲೆಯನ್ನು ಹೆಗಲಿಗೇರಿಸಿದ. ಎತ್ತಿದ ಮೇಲೆ ಅವನ ಮುಖ ಬಾಡಿತು. "ಅಯ್ಯೋ, ನಮ್ಮ ಮೇಕೆ ಇಷ್ಟೇ ಭಾರನಾ?"

ಮೇಕೆ ಎಂದರೆ ಸತ್ತವನು. ಬಸ್ ಡಿಪೊದಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಮಿಕ್ಕ ಡ್ರೈವರುಗಳು ಕ್ಯಾಂಟೀನಿನಲ್ಲಿ ಕರಿದದ್ದರ ಮುಂದೆ ಕೂತರೆ ಅವನು ಮನೆಯ ಡಬ್ಬಿ ಬಿಚ್ಚುತ್ತಿದ್ದ: ಸೊಪ್ಪು, ಕಾಳು, ಹೆಚ್ಚಿದ ಹಣ್ಣು. ಸಿಗರೇಟು ಮುಟ್ಟಿದವನಲ್ಲ, ಕುಡಿತದ ಹತ್ತಿರ ಸುಳಿದವನಲ್ಲ. ಕೆಲಸ ಮುಗಿದರೆ ಸಿಬ್ಬಂದಿಯ ಬಸ್ಸು ಬಿಟ್ಟು ನಡೆದೇ ಮನೆ ಸೇರುತ್ತಿದ್ದ. ಅಂಥವನಿಗೇ ಕ್ಯಾನ್ಸರ್ ಬಂದಿತ್ತು.

ಮನೆ ಬಾಗಿಲ ಬಳಿ ನಿಂತಿದ್ದ ಅವನ ಮಗಳ ಕಣ್ಣು ಗಂಡನ ಮೇಲೇ ಇತ್ತು. ಅವನು ಅದೇ ಡಿಪೊದ ಮೆಕ್ಯಾನಿಕ್. ಮಾವನ ಮಾತಿಗೆ ಕಟ್ಟುಬಿದ್ದು ಹೋದ ವರ್ಷವಷ್ಟೇ ಸಿಗರೇಟು ಬಿಟ್ಟಿದ್ದ. ಈಗ ಅವನ ಬೆರಳ ಸಂದಿಯಲ್ಲಿ ಕಂಡಕ್ಟರ್ ಕೊಟ್ಟ ಸಿಗರೇಟಿತ್ತು. ಇನ್ನೂ ಹಚ್ಚಿರಲಿಲ್ಲ.

"ಸೇದು ಅಳಿಯಾ," ಎಂದ ಕಂಡಕ್ಟರ್. "ಹೊಟ್ಟೆಬಾಯಿ ಕಟ್ಟಿ ನಿಮ್ಮ ಮಾವ ಕಂಡಿದ್ದೇನು? ನನ್ನ ನೋಡು, ಹೊಗೆಗೂಡು. ಕಲ್ಲುಗುಂಡಿನ ಹಾಗಿದೀನಿ." ಅಂದದ್ದೇ ತಡ, ಕೆಮ್ಮು ಹತ್ತಿಕೊಂಡಿತು.

"ಕಲ್ಲುಗುಂಡು ಉರುಳ್ತಾ ಇದೆ, ಯಾರಾದ್ರೂ ಹಿಡ್ಕೊಳ್ರೋ," ಎಂದ ದಪ್ಪ ಡ್ರೈವರ್.

ನಗಬಾರದ ಹೊತ್ತಿನಲ್ಲಿ ನಾಲ್ಕು ಜನ ನಕ್ಕರು. ಅವಳ ಗಂಡ ನಗಲಿಲ್ಲ.

"ಹಚ್ತೀರಾ?" ಎಂದಳು ಹತ್ತಿರ ಬಂದು.

"ಅವರಿಗೇ ಹೀಗಾಯ್ತು. ಇನ್ನು ನಾನು ಬಿಟ್ಟು ಏನು ಮಾಡ್ಲಿ?"

"ಇದನ್ನೇ ಆಸ್ಪತ್ರೇಲಿ ಅಪ್ಪನ್ನ ಕೇಳಿದ್ರಲ್ಲ. ಮರೆತ್ರಾ?"

*

ಆ ದಿನ ಅಪ್ಪ ಹಾಸಿಗೆಗೆ ಒರಗಿ ಪಪ್ಪಾಯಿಯ ಹೋಳೊಂದನ್ನು ನಿಧಾನವಾಗಿ ಜಗಿಯುತ್ತಿದ್ದ.

"ಈಗ್ಲೂ ಹಣ್ಣೇನಾ ಮಾವ? ಇಷ್ಟು ಪಥ್ಯ ಮಾಡಿ ಏನು ಬಂತು?" ಅಳಿಯನ ದನಿಯಲ್ಲಿ ಸಿಟ್ಟಿತ್ತು.

"ಪಥ್ಯ ಯಾವನು ಮಾಡ್ದ? ರುಚಿಯಾಗಿತ್ತು, ತಿಂದೆ. ನಡಿಗೇಲಿ ಸುಖ ಇತ್ತು, ನಡೆದೆ." ಅಪ್ಪ ಬಾಯಿ ಒರೆಸಿಕೊಂಡ. "ಅಪಾಯ ಕಮ್ಮಿಯಾಗುತ್ತೆ ಅಂತಾರೆ. ಬರೋದೇ ಇಲ್ಲ ಅಂತ ಯಾರೂ ಬರ್ಕೊಟ್ಟಿಲ್ಲ. ತಿರುವಲ್ಲಿ ನಾನು ನಿಧಾನ ಮಾಡಿದ್ರೂ ಎದುರಿನವನು ಬಂದು ಗುದ್ದಬಹುದು. ಹಾಗಂತ ಕಣ್ಣು ಮುಚ್ಕೊಂಡು ಓಡಿಸ್ಲಾ? ಹಿಂದೆ ಜನ ಕೂತಿರ್ತಾರಲ್ಲಪ್ಪ."

ಹೇಳುತ್ತ ಅವನು ನೋಡಿದ್ದು ಮಗಳ ಮಡಿಲಲ್ಲಿ ನಿದ್ದೆಹೋಗಿದ್ದ ಮೊಮ್ಮಗಳನ್ನು.

*

ಮಣ್ಣು ಮುಚ್ಚಿಯಾಯಿತು. ಸ್ಮಶಾನದ ಗೇಟಿನಲ್ಲಿ ಡಿಪೊದಿಂದ ಹೊಸ ಡ್ರೈವರೊಬ್ಬ ತಂದ ಬಸ್ಸು ಕಾಯುತ್ತಿತ್ತು. ಅವಳು ಮಗುವನ್ನೆತ್ತಿಕೊಂಡು ಕಿಟಕಿಯ ಪಕ್ಕ ಕೂತಳು. ಗಂಡ ಮೆಟ್ಟಿಲವರೆಗೆ ಬಂದವನು ಅಲ್ಲೇ ನಿಂತ. ಮುಷ್ಟಿಯೊಳಗೆ ಬೆವರಿಗೆ ನೆನೆದು ನುಗ್ಗಾಗಿದ್ದ ಸಿಗರೇಟನ್ನು ಕಂಡಕ್ಟರನ ಜೇಬಿಗೆ ತುರುಕಿದ.

"ನಾನು ನಡ್ಕೊಂಡು ಬರ್ತೀನಿ."

"ಅಷ್ಟು ದೂರಾನಾ? ತಲೆ ಕೆಟ್ಟಿದ್ಯಾ?" ಎಂದ ಕಂಡಕ್ಟರ್.

ಅವನು ಆಗಲೇ ಹೊರಟಿದ್ದ. ಬಸ್ಸಿನೊಳಗಿಂದ ಉಸ್ಸೆನ್ನುತ್ತ ದಪ್ಪ ಡ್ರೈವರ್ ಇಳಿದ. "ತಡಿ ಅಳಿಯಾ, ನಾನೂ ಬಂದೆ. ದಾರೀಲಿ ಬಿದ್ರೆ ಮಾತ್ರ ಕ್ರೇನ್ ತರಿಸ್ಬೇಕು, ಆಯ್ತಾ?"

ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅವಳೂ ಮಗುವಿನೊಂದಿಗೆ ಇಳಿದಳು. ಕೊನೆಗೆ ಕಂಡಕ್ಟರ್, ಬೈದುಕೊಳ್ಳುತ್ತಲೇ, ಕೆಮ್ಮುತ್ತಲೇ.

ಹೊಟ್ಟೆ ಮುಂದೆ ಮಾಡಿಕೊಂಡು, ಏದುಸಿರು ಬಿಡುತ್ತ ಡ್ರೈವರುಗಳ ಸಾಲು ರಸ್ತೆಯ ಅಂಚಿನಲ್ಲಿ ಸಾಗಿತು. ಅವರ ಬೆನ್ನಿಗೆ, ಮೊದಲ ಗೇರಿನಲ್ಲಿ, ಒಮ್ಮೆಯೂ ಹಾರ್ನ್ ಮಾಡದೆ ಖಾಲಿ ಬಸ್ಸು ತೆವಳುತ್ತ ಬಂತು.